ತ್ರೀ ನಾಟ್ ತ್ರೀ ರೈಫಲ್‌ನ ಅರ್ಥವಾಗದ ಭಾಗಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಆಯುಧ ಪೂಜೆಯ ದಿನ ಪೊಲೀಸ್ ಶಸ್ತ್ರಾಗಾರದ ಮುಂದೆ ಹೂವು, ಕುಂಕುಮ ಇಟ್ಟು ಸಾಲಾಗಿ ನಿಲ್ಲಿಸಿದ ಹಳೇ ರೈಫಲ್‌ಗಳನ್ನು ದಾವಣಗೆರೆ, ಚಿತ್ರದುರ್ಗದವರು ನೋಡಿರುತ್ತಾರೆ. ಎನ್‌ಸಿಸಿಯಲ್ಲಿದ್ದವರು ಅದನ್ನೇ ಹೆಗಲ ಮೇಲಿಟ್ಟು ಕವಾಯತು ಮಾಡಿರುತ್ತಾರೆ. ನೋಡಿದವರು, ಹೊತ್ತವರು ಕೇಳುವುದು ಹೆಚ್ಚುಕಡಿಮೆ ಒಂದೇ: ಈ ತೂತು ಯಾಕೆ, ಈ ಕೊಂಡಿ ಯಾಕೆ, ಇಲ್ಲೊಂದು ಸೀಳು ಇದೆಯಲ್ಲ, ಒಳಗೆ ಏನೂ ಇಲ್ಲವಲ್ಲ? ಕಾರ್ಖಾನೆಯಲ್ಲಿ ಉಕ್ಕನ್ನು ಸುಮ್ಮನೆ ಕೊರೆಯುವುದಿಲ್ಲ. ಒಂದೊಂದು ಸೀಳಿನ ಹಿಂದೆಯೂ ಆ ಕಾಲದ ಯುದ್ಧಪದ್ಧತಿ ಇದೆ. ಅದು ಬದಲಾದ ಮೇಲೆ ಭಾಗ ಹೋಗಿ ಗುರುತು ಮಾತ್ರ ಉಳಿದಿದೆ.

ನಮ್ಮ ಕಡೆ ಕಾಣುವ ತ್ರೀ ನಾಟ್ ತ್ರೀ ನಿಜಕ್ಕೂ ಯಾವ ರೈಫಲ್?

ಬಹುಪಾಲು ಅದು ಶಾರ್ಟ್ ಮ್ಯಾಗಜಿನ್ ಲೀ-ಎನ್‌ಫೀಲ್ಡ್. ಇದರ ಮಾರ್ಕ್ 3 ಮಾದರಿ 1907ರಲ್ಲಿ ಬಂತು. ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಕೆಲವು ಭಾಗಗಳನ್ನು ಬಿಟ್ಟು ಮಾರ್ಕ್ 3 ಸ್ಟಾರ್ ಮಾಡಿದರು. ಪಶ್ಚಿಮ ಬಂಗಾಳದ ಇಛಾಪುರದ ರೈಫಲ್ ಕಾರ್ಖಾನೆ ಇದನ್ನು ದಶಕಗಟ್ಟಲೆ ತಯಾರಿಸಿತು. ಬ್ಯಾರಲ್ ಉದ್ದ 25.2 ಅಂಗುಲ, ಮ್ಯಾಗಜಿನ್‌ಗೆ (ತೋಟಾ ತುಂಬುವ ಪೆಟ್ಟಿಗೆ) 10 ತೋಟಾ, ತೂಕ ಸುಮಾರು 4 ಕಿಲೋ.

ಗುರುತು ಓದಬೇಕಾದ ಜಾಗ ಬೋಲ್ಟ್‌ನ (ತೋಟಾವನ್ನು ತಳ್ಳಿ ಬ್ಯಾರಲ್‌ನ ಹಿಂಬದಿ ಮುಚ್ಚುವ ಉಕ್ಕಿನ ಕಡ್ಡಿ) ಹಿಡಿಯ ಕೆಳಗೆ, ಬಲಬದಿಯ ಉಕ್ಕಿನ ಪಟ್ಟಿ. ಕಿರೀಟ, ಅದರ ಕೆಳಗೆ ರಾಜನ ಹೆಸರಿನ ಅಕ್ಷರಗಳು, ಕಾರ್ಖಾನೆಯ ಹೆಸರು, ಇಸವಿ, ಮಾದರಿ ಒಂದರ ಕೆಳಗೊಂದು ಇರುತ್ತವೆ. ಸ್ವಾತಂತ್ರ್ಯದ ನಂತರದ ಇಛಾಪುರ ರೈಫಲ್‌ಗಳಲ್ಲಿ ಆರ್‌ಎಫ್‌ಐ (ರೈಫಲ್ ಫ್ಯಾಕ್ಟರಿ ಇಛಾಪುರ) ಎಂಬ ಮೂರು ಅಕ್ಷರ ಕಾಣುತ್ತದೆ. ಮಾದರಿಯ ಪಕ್ಕದ ನಕ್ಷತ್ರ ತುಂಬ ಚಿಕ್ಕದು. ಬಣ್ಣ ಮೆತ್ತಿದ್ದರೆ ಕಾಣುವುದೇ ಇಲ್ಲ. ಓರೆಯಾಗಿ ಟಾರ್ಚ್ ಹಿಡಿದು ನೋಡಿ.

ಬಲಬದಿಯಲ್ಲಿ, ಬೋಲ್ಟ್ ಓಡಾಡುವ ಜಾಗದ ಕೆಳಗೆ ಉದ್ದನೆಯ ಖಾಲಿ ಸೀಳು ಇದೆ. ಏನಾದರೂ ಬಿದ್ದುಹೋಗಿದೆಯೇ?

ಅಲ್ಲಿ ಮ್ಯಾಗಜಿನ್ ಕಟ್-ಆಫ್ ಎಂಬ ಉಕ್ಕಿನ ತಟ್ಟೆ ಇರುತ್ತಿತ್ತು. ಒಳಗೆ ತಳ್ಳಿದರೆ ಅದು ಮ್ಯಾಗಜಿನ್‌ನ ಬಾಯಿ ಮುಚ್ಚುತ್ತದೆ. ಬೋಲ್ಟ್ ಹಿಂದೆ ಮುಂದೆ ಆಡಿದರೂ ಕೆಳಗಿನ ತೋಟಾ ಮೇಲೆ ಬರುವುದಿಲ್ಲ. ಸಿಪಾಯಿ ಒಂದೊಂದೇ ತೋಟಾ ಕೈಯಲ್ಲಿ ಇಟ್ಟು ಹಾರಿಸಬೇಕು. ಮ್ಯಾಗಜಿನ್‌ನ ಹತ್ತು ತೋಟಾ ಶತ್ರು ಹತ್ತಿರ ಬಂದಾಗಿನ ಗಳಿಗೆಗೆ ಕಾಯ್ದಿಟ್ಟದ್ದು. ಅಧಿಕಾರಿ ಹೇಳಿದ ಮೇಲಷ್ಟೇ ತಟ್ಟೆ ಹೊರಗೆಳೆಯುವುದು.

ಸಿಪಾಯಿಯ ಕೈಗೆ ಹತ್ತು ತೋಟಾ ಕೊಟ್ಟರೆ ಅವಸರದಲ್ಲಿ ಖಾಲಿ ಮಾಡುತ್ತಾನೆ ಎಂಬ ಭಯ ಇದರ ಹಿಂದಿದೆ. ಐದು ತೋಟಾಗಳನ್ನು ಒಟ್ಟಿಗೆ ಹಿಡಿಯುವ ತಗಡಿನ ಪಟ್ಟಿ, ಅಂದರೆ ಚಾರ್ಜರ್‌ನಿಂದ ಮ್ಯಾಗಜಿನ್ ತುಂಬುವುದು ಸೆಕೆಂಡುಗಳ ಕೆಲಸವಾದ ಮೇಲೆ ಆ ಭಯಕ್ಕೆ ಅರ್ಥ ಉಳಿಯಲಿಲ್ಲ. ಮಾರ್ಕ್ 3 ಸ್ಟಾರ್‌ನಲ್ಲಿ ತಟ್ಟೆ ಬಿಟ್ಟರು, ಎಷ್ಟೋ ರೈಫಲ್‌ಗಳಲ್ಲಿ ಸೀಳು ಮಾತ್ರ ಉಳಿಯಿತು. ಹಾಗಾಗಿ ಖಾಲಿ ಸೀಳು ಕಂಡರೆ ಭಾಗ ಕಳೆದಿದೆ ಎಂದು ವರದಿ ಬರೆಯುವ ಮುನ್ನ ನಕ್ಷತ್ರದ ಗುರುತು ನೋಡಿ.

ಎಡಬದಿಯ ಮರದ ಮೇಲೆ ಅಂಕಿ ಕೆತ್ತಿದ ಗುಂಡನೆ ಬಿಲ್ಲೆ, ಅದರ ಮೇಲೊಂದು ಮುಳ್ಳು. ಇದು ಏನು ಅಳೆಯುತ್ತದೆ?

ಇದು ವಾಲಿ ಸೈಟ್, ಅಂದರೆ ಒಟ್ಟಾಗಿ ಹಾರಿಸುವಾಗ ದೂರಕ್ಕೆ ಗುರಿ ಹಿಡಿಯುವ ಸಾಧನ. ಬಿಲ್ಲೆಯ ಮೇಲಿನ ಅಂಕಿ 1700 ಗಜದಿಂದ 2800 ಗಜದವರೆಗೆ, ಅಂದರೆ ಸುಮಾರು ಒಂದೂವರೆ ಕಿಲೋಮೀಟರಿನಿಂದ ಎರಡೂವರೆ ಕಿಲೋಮೀಟರಿನವರೆಗೆ. ಮುಳ್ಳನ್ನು ಬೇಕಾದ ದೂರಕ್ಕೆ ತಿರುಗಿಸಿ, ಸೇಫ್ಟಿ ಲಿವರ್‌ನ ಬಳಿಯ ಸಣ್ಣ ತೂತಿನ ಕಡ್ಡಿಯನ್ನು ಮೇಲೆತ್ತಿ, ಆ ತೂತಿನಿಂದ ಮುಳ್ಳಿನ ತುದಿಯ ಗುಂಡನ್ನು ನೋಡಿದರೆ ಬ್ಯಾರಲ್ ತಾನಾಗಿ ಆಕಾಶದತ್ತ ಏಳುತ್ತದೆ.

ಅಷ್ಟು ದೂರದ ಒಬ್ಬ ಮನುಷ್ಯನಿಗೆ ಗುರಿಯಿಟ್ಟು ಹೊಡೆಯಲು ಯಾರಿಂದಲೂ ಆಗುವುದಿಲ್ಲ, ಉದ್ದೇಶವೂ ಅದಲ್ಲ. ಇಡೀ ಕಂಪನಿ ಒಂದೇ ಅಪ್ಪಣೆಗೆ ಒಟ್ಟಾಗಿ ಹಾರಿಸಿದರೆ ದೂರದ ದಾರಿಯಲ್ಲಿ ಸಾಗುವ ದಂಡಿನ ಮೇಲೆ ಗುಂಡು ಮಳೆಯಂತೆ ಬೀಳಬೇಕು, ಅಷ್ಟೆ. ಮೆಷಿನ್‌ಗನ್ ಮತ್ತು ಫಿರಂಗಿ ಆ ಕೆಲಸ ವಹಿಸಿಕೊಂಡವು. 1916ರಲ್ಲಿ ಇದೂ ಹೋಯಿತು. ಬಿಲ್ಲೆ ತೆಗೆದ ಮರದಲ್ಲಿ ತಿರುಪಿನ ತೂತನ್ನು ಮುಚ್ಚಿದ ಗುರುತು ಕೆಲವೊಮ್ಮೆ ಕಾಣುತ್ತದೆ.

ಮೂತಿಯ ಹತ್ತಿರ ಬೆಲ್ಟ್ ಕೊಂಡಿಯಲ್ಲದೆ ಇನ್ನೊಂದು ಚಿಕ್ಕ ಕೊಂಡಿ ಇದೆಯಲ್ಲ?

ಪೈಲಿಂಗ್ ಸ್ವಿವೆಲ್. ಬಿಡಾರದಲ್ಲಿ ರೈಫಲ್‌ಗಳನ್ನು ನೆಲಕ್ಕೆ ಮಲಗಿಸಿದರೆ ಮಣ್ಣು, ಕೆಸರು ತುಂಬುತ್ತದೆ. ಮೂರ್ನಾಲ್ಕು ರೈಫಲ್‌ಗಳ ಈ ಕೊಂಡಿಗಳನ್ನು ಒಂದಕ್ಕೊಂದು ಸಿಕ್ಕಿಸಿ, ಬುಡ ಅಗಲಿಸಿ ನಿಲ್ಲಿಸುತ್ತಿದ್ದರು. ಬೆಲ್ಟ್ ಇದಕ್ಕೆ ಕಟ್ಟಬೇಡಿ. ಭಾರ ಹೊರಲು ಮಾಡಿದ್ದಲ್ಲ.

ಮೂತಿ ಯಾಕೆ ಇಷ್ಟು ಮೊಂಡು? ಬಯೊನೆಟ್‌ನ ಉದ್ದ ಕಾಲುವೆ ರಕ್ತ ಹರಿಯಲಿಕ್ಕಾ?

ಮೂತಿಯ ಉಕ್ಕಿನ ಟೋಪಿಗೆ ನೋಸ್ ಕ್ಯಾಪ್ ಎನ್ನುತ್ತಾರೆ. ಎರಡು ಕಿವಿಗಳು ಮುಂದಿನ ಸೈಟನ್ನು ಕಾಯುತ್ತವೆ. ಅದರ ಕೆಳಗಿನ ಗುಂಡಗಿನ ಮೊಳೆಗೆ ಬಯೊನೆಟ್ ಕೂರುತ್ತದೆ. ಇಲ್ಲಿ ಗಮನಿಸಬೇಕಾದ್ದು, ಬಯೊನೆಟ್‌ನ ಭಾರ ಬೀಳುವುದು ನೋಸ್ ಕ್ಯಾಪ್ ಮೇಲೆ, ಬ್ಯಾರಲ್ ಮೇಲಲ್ಲ. ಬ್ಯಾರಲ್‌ಗೇ ಕಟ್ಟಿದರೆ ಅದರ ಕಂಪನ ಬದಲಾಗಿ ಗುಂಡು ಬೀಳುವ ಜಾಗ ಸರಿಯುತ್ತದೆ. ರಷ್ಯದ ಮೊಸಿನ್-ನಗಾಂತ್‌ನಲ್ಲಿ ಬಯೊನೆಟ್ ಬ್ಯಾರಲ್‌ಗೇ ಕೂರುತ್ತದೆ. ಹಾಗಾಗಿ ಅದರ ಸೈಟನ್ನು ಬಯೊನೆಟ್ ಹಾಕಿಯೇ ಹೊಂದಿಸುತ್ತಿದ್ದರು.

1907ರ ಬಯೊನೆಟ್‌ನ ಅಲಗು 17 ಅಂಗುಲ. ರೈಫಲ್ ಗಿಡ್ಡವಾದದ್ದರಿಂದ ಕೈಗೈ ಹೋರಾಟದಲ್ಲಿ ಅಳತೆ ಕಡಿಮೆ ಬೀಳಬಾರದೆಂದು ಅಲಗನ್ನು ಉದ್ದ ಮಾಡಿದರು. ಕಾಲುವೆ ಇರುವುದು ಅಲಗಿನ ಬಲ ಕಳೆಯದೆ ತೂಕ ಇಳಿಸಲು. ರಕ್ತದ ಮಾತು ಕಟ್ಟುಕಥೆ. ಹಿಡಿಯ ತುದಿಯ ಸಣ್ಣ ತೂತು 1916ರಿಂದ ಬಂದದ್ದು: ಹಿಡಿಯ ಸೀಳಿನಲ್ಲಿ ಕಂದಕದ ಕೆಸರು ಗಟ್ಟಿಯಾಗಿ ಬಯೊನೆಟ್ ಕೂರದೇ ಹೋಗುತ್ತಿತ್ತು. ಈ ತೂತಿನಿಂದ ಅದನ್ನು ಚುಚ್ಚಿ ತೆಗೆಯಬಹುದು.

ಬಟ್‌ನ ಹಿತ್ತಾಳೆ ಬಾಗಿಲು ತೆರೆದರೆ ಒಳಗೆ ಏನಿರಬೇಕು?

ಬಟ್ ಅಂದರೆ ಹೆಗಲಿಗೆ ಊರುವ ಹಿಂಭಾಗದ ಮರ. ಅದರೊಳಗೆ ಎರಡು ವಸ್ತು: ಹಿತ್ತಾಳೆಯ ಎಣ್ಣೆ ಸೀಸೆ ಮತ್ತು ಪುಲ್-ತ್ರೂ. ಪುಲ್-ತ್ರೂ ಅಂದರೆ ಒಂದು ತುದಿಗೆ ಹಿತ್ತಾಳೆ ತೂಕ, ಇನ್ನೊಂದು ಕಡೆ ಕುಣಿಕೆಗಳಿರುವ ಗಟ್ಟಿ ಹುರಿ. ಮೊದಲು ಹುರಿ ಸುತ್ತಿ ಇಟ್ಟು, ತೂಕವನ್ನು ಬಾಗಿಲ ಕಡೆ ಬಿಟ್ಟರೆ ಎಳೆದುಕೊಳ್ಳಲು ಸುಲಭ.

ಬಳಸುವ ಕ್ರಮ ಹೀಗೆ. ತೋಟಾ ಇಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಾತ್ರಿ ಮಾಡಿಕೊಂಡು ಬೋಲ್ಟ್ ತೆಗೆಯಿರಿ. 4 ಅಂಗುಲ ಉದ್ದ, 2 ಅಂಗುಲ ಅಗಲದ ಫ್ಲಾನಲ್ ಬಟ್ಟೆ, ಎನ್‌ಸಿಸಿ ಮಾತಿನಲ್ಲಿ ಚಿಂದಿ, ಕುಣಿಕೆಗೆ ಸಿಕ್ಕಿಸಿ. ತೂಕವನ್ನು ಹಿಂದಿನಿಂದ, ತೋಟಾ ಕೂರುವ ಕಡೆಯಿಂದ ಬಿಡಿ, ಮೂತಿಯಲ್ಲಿ ಹೊರಬರುತ್ತದೆ. ನೇರವಾಗಿ, ಒಂದೇ ಎಳೆತಕ್ಕೆ ಎಳೆಯಿರಿ. ನಡುವೆ ನಿಲ್ಲಿಸಿದರೆ ಕೊಳೆ ಅಲ್ಲೇ ಕೂರುತ್ತದೆ, ಚಿಂದಿಯೂ ಸಿಕ್ಕಿಕೊಳ್ಳಬಹುದು. ಓರೆಯಾಗಿ ಎಳೆದರೆ ಹುರಿ ಮೂತಿಯ ಅಂಚನ್ನು ಸವೆಸುತ್ತದೆ. ಈ ಸವೆತ ನಿಧಾನವಾಗಿ ಆಗುವಂಥದ್ದು, ವಾಪಸು ಸರಿಮಾಡಲಾಗದ್ದು. ಮೂತಿಯ ತೂತು ಮೊಟ್ಟೆಯಾಕಾರವಾದ ರೈಫಲ್ ಎಷ್ಟು ಒಳ್ಳೆಯ ಕೈಯಲ್ಲೂ ಗುರಿ ಹಿಡಿಯುವುದಿಲ್ಲ.

ಚಿಂದಿ ದೊಡ್ಡದಾದರೆ ಒಳಗೆ ಕಚ್ಚಿಕೊಳ್ಳುತ್ತದೆ. ಆಗ ಮೂತಿಯ ಕಡೆಯಿಂದ ಜಗ್ಗಾಡಿ ಹುರಿ ತುಂಡು ಮಾಡಬೇಡಿ. ಹಿಂದೆ ಉಳಿದಿರುವ ಕೊನೆಯ ಕುಣಿಕೆ ಇರುವುದೇ ಬಂದ ದಾರಿಯಲ್ಲಿ ವಾಪಸು ಎಳೆಯಲು.

ಹಳೇ ತೋಟಾಗಳ ಕ್ಯಾಪಿನ ರಾಸಾಯನಿಕ ಉರಿದ ಮೇಲೆ ಬ್ಯಾರಲ್‌ನಲ್ಲಿ ಉಪ್ಪು ಉಳಿಸುತ್ತದೆ, ಅದು ಗಾಳಿಯ ತೇವ ಹೀರಿ ತುಕ್ಕು ಹಿಡಿಸುತ್ತದೆ. ಉಪ್ಪು ಕರಗುವುದು ನೀರಿನಲ್ಲಿ; ಸೀಮೆಎಣ್ಣೆಯಲ್ಲಾಗಲಿ ರೈಫಲ್ ಎಣ್ಣೆಯಲ್ಲಾಗಲಿ ಕರಗುವುದಿಲ್ಲ. ಅದಕ್ಕೇ ಹಳಬರು ಹಾರಿಸಿದ ದಿನವೇ ಆಲಿಕೆ ಇಟ್ಟು ಕುದಿನೀರು ಹೊಯ್ಯುತ್ತಿದ್ದರು. ನೀರಿನ ಬಿಸಿಗೆ ಕಾದ ಬ್ಯಾರಲ್ ತಾನೇ ಬೇಗ ಒಣಗುತ್ತದೆ. ಆಮೇಲೆ ಒಣ ಚಿಂದಿ, ಕೊನೆಗೆ ಎಣ್ಣೆ ಚಿಂದಿ.

ಬಟ್ ಅಲುಗಾಡುತ್ತಿದೆ. ಬಾಗಿಲಿನಿಂದ ಉದ್ದ ಸ್ಕ್ರೂಡ್ರೈವರ್ ಹಾಕಿ ಬಿಗಿ ಮಾಡಬಹುದೇ?

ನೇರವಾಗಿ ಮಾಡಬೇಡಿ. ಈ ರೈಫಲ್‌ನಲ್ಲಿ ಆಗುವ ಅತಿ ಹೆಚ್ಚಿನ ಹಾನಿ ಇದೇ ಅವಸರದಿಂದ. ಬಟ್ ಮತ್ತು ಮುಂದಿನ ಮರ ಎರಡು ಬೇರೆ ಬೇರೆ ತುಂಡು. ಬಟ್ ಅನ್ನು ಹಿಡಿದಿರುವ ಉದ್ದ ಬೋಲ್ಟಿನ (ತೋಟಾ ತಳ್ಳುವ ಬೋಲ್ಟ್ ಅಲ್ಲ, ಬಟ್ ಒಳಗಿನ ತಿರುಪು) ಮುಂದಿನ ತುದಿ ಚೌಕ. ಆ ಚೌಕ ಮುಂದಿನ ಮರದ ಹಿಂಭಾಗದಲ್ಲಿ ಕೂರಿಸಿದ ಸಣ್ಣ ಉಕ್ಕಿನ ತಟ್ಟೆಯೊಳಗೆ ಸಿಕ್ಕಿರುತ್ತದೆ, ತಾನಾಗಿ ಸಡಿಲವಾಗದಿರಲೆಂದು. ಮುಂದಿನ ಮರ ಬಿಚ್ಚದೆ ಈ ಬೋಲ್ಟ್ ತಿರುಗಿಸಿದರೆ ಚೌಕದ ಮೂಲೆಗಳು ತಟ್ಟೆಯನ್ನು ತಿರುಚಿ ಮರವನ್ನು ಹಿಂದಿನಿಂದ ಸೀಳುತ್ತವೆ. ಚಟ್ ಎಂಬ ಸದ್ದು ಕೇಳಿದರೆ ಆಗಲೇ ಕೆಲಸ ಕೆಟ್ಟಿದೆ.

ಸರಿಯಾದ ಕ್ರಮ: ಮೊದಲು ನೋಸ್ ಕ್ಯಾಪ್, ನಡುವಿನ ಪಟ್ಟಿ, ಟ್ರಿಗರ್ ಗಾರ್ಡ್ ಬಿಚ್ಚಿ ಮುಂದಿನ ಮರ ಇಳಿಸಬೇಕು. ಆಮೇಲೆ ಬಟ್ ಒಳಗಿನ ಸೀಸೆ, ಹುರಿ, ಅದರ ಹಿಂದೆ ತುರುಕಿದ ತೊಗಲಿನ ಮುಚ್ಚಳ ತೆಗೆದು ಬೋಲ್ಟ್ ಬಿಗಿ ಮಾಡಬೇಕು. ಬಿಗಿಯಾದ ಮೇಲೆ ಚೌಕದ ಬದಿಗಳು ತಟ್ಟೆಗೆ ನೇರವಾಗಿ ನಿಂತಿವೆಯೇ ನೋಡಿಯೇ ಮುಂದಿನ ಮರ ಕೂರಿಸಬೇಕು. ಇದು ಆರ್ಮರರ್, ಅಂದರೆ ಆಯುಧ ರಿಪೇರಿ ಮಾಡುವವರ ಕೆಲಸ.

ಬಟ್ ಬೇರೆ ತುಂಡಾಗಿರುವುದರಿಂದ ಒಂದು ಉಪಕಾರವೂ ಇದೆ. ಉದ್ದ, ಸಾಧಾರಣ, ಗಿಡ್ಡ ಎಂದು ಅರ್ಧರ್ಧ ಅಂಗುಲ ವ್ಯತ್ಯಾಸದ ಬಟ್‌ಗಳು ಇದ್ದವು. ಸಿಪಾಯಿಯ ತೋಳಿನ ಅಳತೆಗೆ ಬದಲಿಸುತ್ತಿದ್ದರು.

ಬಟ್‌ನ ಬಲಬದಿಯ ಮರದಲ್ಲಿ ರೂಪಾಯಿಯಗಲದ ಹಿತ್ತಾಳೆ ಬಿಲ್ಲೆ?

ಪಲ್ಟನ್ ಹೆಸರು, ರೈಫಲ್ ಸಂಖ್ಯೆ ಕೆತ್ತಲು. 1916ರಲ್ಲಿ ನಿಲ್ಲಿಸಿದರು.

ಚಾರ್ಜರ್‌ನಲ್ಲಿ ತೋಟಾ ಹೇಗೆ ಜೋಡಿಸಿದರೂ ನಡೆಯುತ್ತದೆಯೇ?

ಇಲ್ಲ. ಪಾಯಿಂಟ್ 303 ತೋಟಾದ ಬುಡಕ್ಕೆ ಹೊರಚಾಚಿದ ಅಂಚು ಇದೆ. ಮ್ಯಾಗಜಿನ್‌ನಲ್ಲಿ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಮುಂದೆ ಇರಬೇಕು. ಹಿಂದೆ ಬಿದ್ದರೆ ಬೋಲ್ಟ್ ಮೇಲಿನದನ್ನು ತಳ್ಳುವಾಗ ಅದು ಕೆಳಗಿನದನ್ನೂ ಎಳೆದುಕೊಂಡು ಹೋಗಿ ಸಿಕ್ಕಿಕೊಳ್ಳುತ್ತದೆ. ಐದು ತೋಟಾಗಳ ಚಾರ್ಜರ್‌ನಲ್ಲಿ ಒಂದು ಕೆಳಗೆ ಒಂದು ಮೇಲೆ ಎಂದು ಅಂಚುಗಳನ್ನು ಬದಲಿಸಿ ಜೋಡಿಸುವುದು ಇದಕ್ಕೇ: ಮೂರು ಕೆಳಗೆ, ಎರಡು ಮೇಲೆ. ಬೋಲ್ಟ್ ದಾರಿಯ ಮೇಲೆ ಅಡ್ಡವಾಗಿರುವ ಉಕ್ಕಿನ ಸೇತುವೆ ಚಾರ್ಜರ್ ನಿಲ್ಲಿಸುವ ಜಾಗ. ಮ್ಯಾಗಜಿನ್ ಕಳಚಿ ಬರುತ್ತದಾದರೂ ಅದು ಶುಚಿ ಮಾಡಲು. ತುಂಬಿದ ಇನ್ನೊಂದನ್ನು ಹಾಕಿಕೊಳ್ಳುವ ಪದ್ಧತಿ ಇರಲಿಲ್ಲ. ಅದಕ್ಕೂ ಹಿಂದಿನ ಲೀ-ಮೆಟ್‌ಫೋರ್ಡ್‌ನಲ್ಲಿ ಮ್ಯಾಗಜಿನ್ ಕಳೆದುಹೋಗದಂತೆ ಸರಪಳಿಯ ಕೊಂಡಿಯನ್ನೇ ಹಾಕಿದ್ದರು.

ಟ್ರಿಗರ್ ಎರಡು ಸಲ ಎಳೆದಂತೆ ಆಗುತ್ತದೆ. ಸವೆದಿದೆಯೇ?

ಸವೆದಿಲ್ಲ, ಮಾಡಿರುವುದೇ ಹಾಗೆ. ಟ್ರಿಗರ್‌ನ ಮೇಲ್ಭಾಗದಲ್ಲಿ ಎರಡು ಉಬ್ಬುಗಳಿವೆ. ಮೊದಲ ಉಬ್ಬು 3ರಿಂದ 4 ಪೌಂಡ್ ಒತ್ತಡಕ್ಕೆ ಬಹಳ ದೂರ ಸರಿಯುತ್ತದೆ, ಎರಡನೆಯದು 5ರಿಂದ 6 ಪೌಂಡ್‌ಗೆ ಬಿಡುತ್ತದೆ. ಕೊಕ್ಕೆ ಆಳವಾಗಿ ಕಚ್ಚಿರುವುದರಿಂದ ರೈಫಲ್ ಬಿದ್ದರೂ ಸುಲಭಕ್ಕೆ ಹಾರದು, ಆದರೂ ಕೊನೆಯ ಎಳೆತ ಚುಟುಕಾಗಿರುತ್ತದೆ. ಮೊದಲ ಎಳೆತ ಮಾಯವಾಗಿದ್ದರೆ ಮಾತ್ರ ಆರ್ಮರರ್‌ಗೆ ತೋರಿಸಬೇಕು.

ಬೋಲ್ಟ್ ಮೇಲೂ ಸಂಖ್ಯೆ ಯಾಕೆ? ಒಂದರ ಬೋಲ್ಟ್ ಇನ್ನೊಂದಕ್ಕೆ ಹಾಕಿದರೆ ಸಲೀಸಾಗಿ ಕೂರುತ್ತದಲ್ಲ?

ಕೂರುತ್ತದೆ, ಮುಚ್ಚುತ್ತದೆ, ಅದೇ ಅಪಾಯ. ಬೋಲ್ಟ್ ಮುಖಕ್ಕೂ ಬ್ಯಾರಲ್‌ನ ಹಿಂತುದಿಗೂ ನಡುವಿನ ಸಂದು 0.064ರಿಂದ 0.074 ಅಂಗುಲದೊಳಗೆ ಇರಬೇಕು. ಪ್ರತಿ ಬೋಲ್ಟನ್ನು ಅದರದೇ ರೈಫಲ್‌ಗೆ ಹೊಂದಿಸಿ ಸಂಖ್ಯೆ ಒತ್ತಿರುತ್ತಾರೆ. ಸಂದು ಹೆಚ್ಚಾದರೆ ತೋಟಾದ ಹಿತ್ತಾಳೆ ಹಿಗ್ಗಿ ಬುಡದ ಹತ್ತಿರ ಹರಿಯುತ್ತದೆ. ಹಾಗೆ ಹರಿದಾಗ ಬರುವ ಬಿಸಿ ಅನಿಲ ಮುಖಕ್ಕೆ ಬಡಿಯದೆ ಹೊರಹೋಗಲಿ ಎಂದೇ ಬೋಲ್ಟ್ ತಲೆಯಲ್ಲಿ, ಎಡಬದಿಯ ಉಕ್ಕಿನಲ್ಲಿ ಸಣ್ಣ ತೂತುಗಳಿವೆ. ಅವನ್ನು ಗ್ರೀಸ್‌ನಿಂದ ಮುಚ್ಚಬಾರದು.

ಹಬ್ಬದ ಹಿಂದಿನ ದಿನ ಇಪ್ಪತ್ತು ರೈಫಲ್ ಒಟ್ಟಿಗೆ ಬಿಚ್ಚಿ ಬೋಲ್ಟ್‌ಗಳನ್ನು ಒಂದೇ ತಟ್ಟೆಗೆ ಹಾಕುವುದು ಈ ಅದಲುಬದಲಿಗೆ ನೇರ ದಾರಿ. ಒಂದು ಬಿಚ್ಚಿ, ಒರೆಸಿ, ಕೂಡಿಸಿದ ಮೇಲೆ ಇನ್ನೊಂದನ್ನು ಮುಟ್ಟಿ.

ಕೆಲವು ರೈಫಲ್‌ಗಳ ಮುಂಭಾಗಕ್ಕೆ ತಂತಿ ಸುತ್ತಿದ್ದಾರೆ. ಮುರಿದ ಮರಕ್ಕೆ ಮಾಡಿದ ರಿಪೇರಿಯೇ?

ಅಲ್ಲ. ಅವು ಗ್ರೆನೇಡ್ ಹಾರಿಸುವ ರೈಫಲ್‌ಗಳು. ಮೂತಿಗೆ ಲೋಹದ ಬಟ್ಟಲು ಕೂರಿಸಿ, ಅದರಲ್ಲಿ 36ನೇ ನಂಬರಿನ ಮಿಲ್ಸ್ ಗ್ರೆನೇಡ್ ಇಟ್ಟು, ಗುಂಡಿಲ್ಲದ ತೋಟಾದ ಬಲದಿಂದ ಎಸೆಯುತ್ತಿದ್ದರು. ಆ ಹಿನ್ನೊದೆತ ವಿಪರೀತ. ಮರ ಸೀಳುತ್ತದೆ, ಬ್ಯಾರಲ್ ಒಡೆದರೆ ಚೂರು ಸಿಡಿಯುತ್ತದೆ. ಅದಕ್ಕೆ ತಂತಿಯ ಕಟ್ಟು. ಇಂಥ ರೈಫಲ್‌ಗಳನ್ನು ಮಾಮೂಲಿ ಗುಂಡಿಗೆ ಸಾಮಾನ್ಯವಾಗಿ ಬಳಸುತ್ತಿರಲಿಲ್ಲ.

ಮ್ಯಾಗಜಿನ್‌ಗಿಂತ ಸ್ವಲ್ಪ ಮುಂದೆ ಮರದ ಒಂದು ಬದಿಯಿಂದ ಇನ್ನೊಂದು ಬದಿಗೆ ಅಡ್ಡ ಹಾಯುವ ತಿರುಪು ಬೇರೆ. ಅದು ಇಛಾಪುರ ಸ್ಕ್ರೂ, ಮರ ಸೀಳದಂತೆ ಬಿಗಿದಿಡಲು ಇಛಾಪುರದವರು ಸೇರಿಸಿದ್ದು. ಚಿತ್ರದುರ್ಗದ ಬೇಸಿಗೆಯಂಥ ಒಣ ಬಿಸಿಲಿಗೆ ಮರ ಕುಗ್ಗಿ, ಉಕ್ಕಿಗೂ ಮರಕ್ಕೂ ನಡುವೆ ಸಂದು ಬಿಟ್ಟಾಗ ಈ ಸ್ಕ್ರೂವಿನ ಬೆಲೆ ತಿಳಿಯುತ್ತದೆ.

ಮ್ಯಾಗಜಿನ್ ಜಾಗದಲ್ಲಿ ಮರದ ತುಂಡು ತುರುಕಿದ ರೈಫಲ್ ನಕಲಿಯೇ?

ನಕಲಿಯಲ್ಲ. ಪೊಲೀಸರಿಗೆ, ಕಾವಲಿನವರಿಗೆಂದು ಲೀ-ಎನ್‌ಫೀಲ್ಡ್ ಅನ್ನೇ ಮಾರ್ಪಡಿಸಿ ಮಾಡಿದ ಪಾಯಿಂಟ್ 410 ಮಸ್ಕೆಟ್. ಬ್ಯಾರಲ್ ಒಳಗೆ ಸುರುಳಿ ಗೆರೆಗಳಿಲ್ಲ, ಒಮ್ಮೆಗೆ ಒಂದೇ ತೋಟಾ. ದೂರಕ್ಕೆ ಹೋಗುವ ಸೇನಾ ಗುಂಡು ಜನರ ನಡುವೆ ಹಾರುವುದು ತಪ್ಪಲಿ, ಆಯುಧ ಬೇರೆಯವರ ಕೈಗೆ ಸಿಕ್ಕರೂ ಕೆಡುಕು ಕಡಿಮೆಯಾಗಲಿ ಎಂಬ ಲೆಕ್ಕಾಚಾರ.

ಚೌಕಾಕಾರದ ಮ್ಯಾಗಜಿನ್ ಇರುವ ಲೀ-ಎನ್‌ಫೀಲ್ಡ್ ಯಾವುದು?

1962ರ ಚೀನಾ ಯುದ್ಧದ ನಂತರದ ಇಛಾಪುರ 2ಎ ಮತ್ತು 2ಎ1. ಇವುಗಳ ತೋಟಾ 7.62 ಮಿಲಿಮೀಟರ್, ಮ್ಯಾಗಜಿನ್‌ಗೆ 12. ಈ ತೋಟಾದ ಒತ್ತಡಕ್ಕೆ ಹೆಚ್ಚು ಗಟ್ಟಿಯಾದ ಉಕ್ಕು ಬಳಸಿದರು. 2ಎ ಸೈಟ್ 2000ದವರೆಗೆ, 2ಎ1 ಸೈಟ್ 800ರವರೆಗೆ. ವಾಲಿ ಸೈಟ್ ಜೊತೆಗೆ ಹೋದ ದೂರದ ಆಸೆ ಕೊನೆಗೂ ಇಲ್ಲಿಗೆ ಇಳಿಯಿತು.

ಎನ್‌ಸಿಸಿ ರೈಫಲ್‌ಗೆ ಬಿಳಿ ಪಟ್ಟಿ, ಡಿಪಿ ಅಕ್ಷರ ಯಾಕೆ?

ಡ್ರಿಲ್ ಪರ್ಪಸ್, ಕವಾಯತಿಗೆ ಮಾತ್ರ ಎಂದರ್ಥ. ತೋಟಾದ ಕ್ಯಾಪಿಗೆ ಹೊಡೆಯುವ ಸೂಜಿಯನ್ನು ಮೊಂಡು ಮಾಡಿರಬಹುದು, ತೋಟಾ ಕೂರುವ ಜಾಗಕ್ಕೆ ತೂತು ಕೊರೆದಿರಬಹುದು. ಹಾರಿಸಲು ಯೋಗ್ಯವಲ್ಲ ಎಂದು ತೀರ್ಮಾನಿಸಿದ ಮೇಲೆಯೇ ಈ ಗುರುತು ಬೀಳುವುದು. ಯಾವ ಕಾರಣಕ್ಕೂ ತೋಟಾ ಹಾಕಬಾರದು.

ಬೇರೆ ದೇಶದ ರೈಫಲ್‌ಗಳ ಬಟ್‌ನಲ್ಲಿ ತೂತಿರುವ ಲೋಹದ ಬಿಲ್ಲೆ ನೋಡಿದ್ದೇವೆ. ಅದೂ ಪಲ್ಟನ್ ಗುರುತೇ?

ಜರ್ಮನಿಯ ಮೌಸರ್ 98ರದು ಉಪಕರಣ. ಬೋಲ್ಟ್ ಬಿಚ್ಚುವಾಗ ಸೂಜಿಯ ತುದಿಯನ್ನು ಆ ತೂತಿಗೆ ಊರಿ ಒತ್ತಿದರೆ ಗಟ್ಟಿ ಸ್ಪ್ರಿಂಗ್ ಕುಗ್ಗುತ್ತದೆ, ಮರಕ್ಕೆ ಗೀರು ಬೀಳುವುದಿಲ್ಲ. ಜಪಾನಿನ ಟೈಪ್ 99 ಅರಿಸಾಕದ ಸೈಟಿಗೆ ಎರಡು ಮಡಿಸುವ ರೆಕ್ಕೆಗಳಿದ್ದವು, ಹಾರುವ ವಿಮಾನದ ಮುಂದಕ್ಕೆ ಗುರಿ ಹಿಡಿಯಲು. ಅದರ ಬಟ್ ಎರಡು ಮರ ಬೆಸೆದದ್ದು. ಬಿರುಕಲ್ಲ, ಮರ ಉಳಿಸಲು ಮಾಡಿದ ಕೀಲು. ಸ್ವಿಟ್ಜರ್ಲೆಂಡಿನ ಕೆ31ರ ಬಟ್ ತಟ್ಟೆ ಬಿಚ್ಚಿದರೆ ಸಿಪಾಯಿಯ ಹೆಸರಿನ ಚೀಟಿ ಸಿಗುವುದುಂಟು.

ಆಯುಧ ಪೂಜೆಯಲ್ಲಿ ಅರಿಶಿನ, ಕುಂಕುಮ, ನಿಂಬೆಹಣ್ಣು ತಾಗಿದರೆ ಉಕ್ಕಿಗೆ ತೊಂದರೆಯೇ?

ಪೂಜೆ ಬಿಡಬೇಕಿಲ್ಲ, ಅಂದೇ ಸಂಜೆ ಒರೆಸಿದರೆ ಸಾಕು. ಒದ್ದೆ ಅರಿಶಿನ ತಿರುಪುಗಳ ಸೀಳಿನಲ್ಲಿ, ಪೈಲಿಂಗ್ ಸ್ವಿವೆಲ್‌ನ ಕೀಲಿನಲ್ಲಿ, ನೋಸ್ ಕ್ಯಾಪ್‌ನ ಸಂದಿನಲ್ಲಿ ಕೂತು ತೇವ ಹಿಡಿದಿಡುತ್ತದೆ. ನಿಂಬೆರಸ ಉಕ್ಕಿನ ಕಪ್ಪು ಬಣ್ಣವನ್ನೇ ತಿನ್ನುತ್ತದೆ; ಹಣ್ಣನ್ನು ರೈಫಲ್ ಮೇಲೆ ಹಿಂಡದೆ ನೆಲದ ಮೇಲೆ ಕುಯ್ಯಿರಿ. ಕುಂಕುಮವನ್ನು ಬಟ್‌ನ ಹಿತ್ತಾಳೆಗೆ ಹಚ್ಚುವುದು ಒಳ್ಳೆಯದು. ಒಣಗಿಸಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೆಗೆದು, ತೆಳುವಾಗಿ ಎಣ್ಣೆ ಸವರಿ.

ಮರಕ್ಕೆ ಅಗಸೆ ಎಣ್ಣೆ, ಅಂಗೈಯಿಂದ ತಿಕ್ಕಿ ಹೀರಿಸಬೇಕು. ವಾರ್ನಿಷ್ ಬೇಡ. ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬೇಡಿ. ಎಣ್ಣೆ ಒಣಗುವಾಗ ಹುಟ್ಟುವ ಶಾಖ ಒಳಗೇ ಉಳಿದು ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು, ಅದೂ ಶಸ್ತ್ರಾಗಾರದಲ್ಲಿ. ಬಿಡಿಸಿ ಹೊರಗೆ ಒಣಹಾಕಿ.

ಅಟ್ಟದ ಮೇಲೆ ಅಜ್ಜನ ಕಾಲದ ರೈಫಲ್ ಸಿಕ್ಕಿದೆ. ಇಟ್ಟುಕೊಳ್ಳಬಹುದೇ?

ಮೊದಲು ಮೂತಿಯನ್ನು ಯಾರ ಕಡೆಗೂ ತಿರುಗಿಸದೆ, ಟ್ರಿಗರ್ ಮುಟ್ಟದೆ ಅಲ್ಲೇ ಇಡಿ. ನೂರು ವರ್ಷದ ತೋಟಾ ಕೂಡ ಹಾರಬಹುದು. ಪಾಯಿಂಟ್ 303, 7.62 ರೈಫಲ್‌ಗಳು ಮತ್ತು ಪಾಯಿಂಟ್ 410 ಮಸ್ಕೆಟ್ ನಾಗರಿಕರಿಗೆ ನಿಷೇಧಿತ ವರ್ಗದಲ್ಲಿವೆ. ನಮ್ಮಲ್ಲಿ ಕೆಲವರ ಬಳಿ ಲೈಸೆನ್ಸ್ ಸಹಿತ ಇರುವ, ನೋಡಲು ಇದನ್ನೇ ಹೋಲುವ ರೈಫಲ್ ಪಾಯಿಂಟ್ 315. ಸರ್ಕಾರಿ ಕಾರ್ಖಾನೆಯೇ ಲೀ-ಎನ್‌ಫೀಲ್ಡ್ ಮಾದರಿಯ ಬೋಲ್ಟ್ ಇಟ್ಟು, ಸೇನಾ ತೋಟಾ ಹಿಡಿಸದಂತೆ ನಾಗರಿಕರಿಗಾಗಿ ಮಾಡಿದ್ದು.

1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್, ರಿಪೇರಿ ಮಾಡಿದರೂ ಹಾರಿಸಲಾಗದ ಪುರಾತನ ಆಯುಧಕ್ಕೆ ವಿನಾಯಿತಿ ಕೊಡುತ್ತದೆ. ಆದರೆ ಹಾರಿಸಲಾಗದು ಎಂದು ನೀವೇ ತೀರ್ಮಾನಿಸುವಂತಿಲ್ಲ. ಹೊತ್ತುಕೊಂಡು ಠಾಣೆಗೆ ಹೋಗಬೇಡಿ. ದಾರಿಯಲ್ಲಿ ಅದು ಪರವಾನಗಿಯಿಲ್ಲದ ಆಯುಧ. ಠಾಣೆಗೆ ಲಿಖಿತ ಮಾಹಿತಿ ಕೊಟ್ಟು, ಅವರೇ ಬಂದು ಮಹಜರು ಮಾಡಿ ಒಯ್ಯಲಿ. ಬರೆಯುವಾಗ ಬೋಲ್ಟ್ ಸಂಖ್ಯೆ ಮತ್ತು ಬಲಬದಿಯ ಪಟ್ಟಿಯ ಗುರುತುಗಳನ್ನು, ಮುಟ್ಟದೆ ಕಾಣುವಷ್ಟು ಮಾತ್ರ, ನಮೂದಿಸಿ ಸ್ವೀಕೃತಿ ಪಡೆಯಿರಿ.